ಗುಂಜಿಯವರ ಮೊಣಕಾಲು ನೋವು

ಮಕ್ಕಳಾಗದವರ ದವಾಖಾನೆಗೆ ಯಾರೂ ನಗಲೆಂದು ಬರುವುದಿಲ್ಲ. ಆದರೂ ನಗು ಬರುವಂಥ ಪ್ರಸಂಗಗಳು ಅಲ್ಲಿ ನಡೆದಷ್ಟು ಬೇರೆಲ್ಲೂ ನಡೆದದ್ದನ್ನು ನಾನು ಕಂಡಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕೂತಿರುವಾಗಲೇ ಯಾರೋ ಒಬ್ಬರು ಏನೋ ಒಂದು ಮಾಡಿಬಿಡುತ್ತಾರೆ.

ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ನಾನು ಬೆಳಗಾವಿಯ ಅಂಥದೊಂದು ದವಾಖಾನೆಯ ಪ್ರಯೋಗಾಲಯದಲ್ಲಿದ್ದೆ. ಹೆಂಗಸಿನ ಅಂಡವನ್ನೂ ಗಂಡಸಿನ ವೀರ್ಯವನ್ನೂ ಗಾಜಿನ ತಟ್ಟೆಯಲ್ಲಿ ಕೂಡಿಸಿ, ಮೈಶಾಖದಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆಯಲ್ಲಿಟ್ಟು ಕಾಯುವುದು ನನ್ನ ಕೆಲಸ. ಕಾಯುವುದು ಅಂದರೆ ಹೆದರುವುದು. ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಓಡುವ ಸ್ವಭಾವ ನನ್ನದು. ಅಂಥವಳ ಕೈಗೆ ಮಂದಿಯ ಮಕ್ಕಳನ್ನು ಕೊಟ್ಟಿದ್ದರು.

ಇಲ್ಲಿ ಹೇಳುವುದೆಲ್ಲ ಒಂದೇ ಮನೆಯವರ ಕಥೆ. ಖಾನಾಪುರ ತಾಲೂಕಿನ ಗುಂಜಿಯಿಂದ ಗಂಡ, ಹೆಂಡತಿ, ಅತ್ತೆ ಮೂವರೂ ಬರುತ್ತಿದ್ದರು. ಗಂಡ ರೈಲ್ವೆಯ ಗ್ಯಾಂಗಿನಲ್ಲಿ ಹಳಿ ನೋಡಿಕೊಳ್ಳುವವ. ಹೆಂಡತಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಆದರೆ ಅವಳ ಅಂಡಾಶಯಗಳು ವಯಸ್ಸಿಗೆ ಮೊದಲೇ ದಣಿದುಬಿಟ್ಟಿದ್ದವು. "ಉಳಿದಿರೋ ಅಂಡ ಭಾಳ ಕಮ್ಮಿ. ಇದೊಂದ ಸರ್ತಿ ನೋಡೂಣು. ತಡ ಮಾಡಿದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ" ಎಂದು ನಮ್ಮ ಡಾಕ್ಟರಬಾಯಿ ಮೊದಲೇ ಹೇಳಿದ್ದರು. ಊರಲ್ಲಿ ಗಂಡನ ಕಾಕಾ, ಅಂದರೆ ಚಿಕ್ಕಪ್ಪ, ಅವನಿಗೆ ಎರಡನೇ ಹೆಣ್ಣು ಹುಡುಕಲು ಶುರು ಮಾಡಿದ್ದ. ಹೆಂಡತಿ, ಆ ಹುಡುಗಿ, ನನ್ನ ಮುಖ ನೋಡಿದಾಗಲೆಲ್ಲ ನಾನು ಅವಳ ಫೈಲು ತೆರೆದು ಓದುವವಳಂತೆ ತಲೆ ತಗ್ಗಿಸುತ್ತಿದ್ದೆ.

ಯಾವ ಕಾಲು?

ಕಾಕಾನಿಗೆ ಗೊತ್ತಾಗಬಾರದೆಂದು ಮೂವರೂ ಸೇರಿ ಒಂದು ಸುಳ್ಳು ಹೊಸೆದಿದ್ದರು. ಗಂಡನಿಗೆ ಮೊಣಕಾಲು ನೋವು, ಬೆಳಗಾವಿಯಲ್ಲಿ ಔಷಧ ನಡೆದಿದೆ, ಹೆಂಡತಿ ಕೈಹಿಡಿದು ನಡೆಸಲು, ತಾಯಿ ಧೈರ್ಯಕ್ಕೆ. ಹಾಗಾಗಿ ಅವನು ಮನೆಯ ಹೊಸ್ತಿಲಿನಿಂದಲೇ ಕುಂಟುತ್ತ ಹೊರಡುತ್ತಿದ್ದ. ರೈಲಿನಲ್ಲಿ ಕುಂಟಿದ, ರಿಕ್ಷಾ ಇಳಿದು ಕುಂಟಿದ, ನಮ್ಮ ದವಾಖಾನೆಯೊಳಗೂ ಕುಂಟಿದ.

"ಇಲ್ಲೆ ಯಾರ ನೋಡ್ತಾರೋ, ನೆಟ್ಟಗ ನಡಿ" ಎಂದೆ.

"ಖಾನಾಪುರದವರು ಇಬ್ರು ಕುಂತಾರ್ರಿ ಅಲ್ಲೆ" ಎಂದು ಪಿಸುಗುಟ್ಟಿದ.

ಆ ಖಾನಾಪುರದವರೋ, ತಾವು ಹಲ್ಲು ತೋರಿಸಲು ಬಂದಿದ್ದೇವೆಂದು ಎಲ್ಲರಿಗೂ ಹೇಳಿಕೊಂಡು ಕೂತಿದ್ದರು. ಇವನು ಅವರ ಮುಂದೆ ಇನ್ನಷ್ಟು ಜೋರಾಗಿ ಕುಂಟಿದ. ಅಷ್ಟರಲ್ಲಿ ಆಚೆ ತುದಿಯಿಂದ ತಾಯಿಯ ದನಿ ಬಂತು: "ಏ, ಎಡಗಾಲೋ! ಹೋದ ಸಲ ಎಡಗಾಲ ಕುಂಟಿದ್ದಿ!"

ನಮ್ಮ ಮನೀದೇ ಇರಲಿ

ಡಾಕ್ಟರಬಾಯಿ ಚಿತ್ರ ಬರೆದು ಎಲ್ಲ ವಿವರಿಸಿದರು. ಅಂಡ ಹೊರಗೆ ತೆಗೆಯುತ್ತೇವೆ, ತಟ್ಟೆಯಲ್ಲಿ ಕೂಡಿಸುತ್ತೇವೆ, ಭ್ರೂಣವಾದ ಮೇಲೆ ಮತ್ತೆ ಒಳಗೆ ಬಿಡುತ್ತೇವೆ. ಗಂಡಹೆಂಡಿರ ಮುಖದಲ್ಲಿ ಭಯ ಬಿಟ್ಟರೆ ಏನೂ ಇರಲಿಲ್ಲ. ಅತ್ತೆ ಮಾತ್ರ ತಲೆಯಾಡಿಸುತ್ತಲೇ ಇದ್ದಳು.

"ತಿಳೀತ್ರಿ ಬಾಯಾರ. ನಮ್ಮ ಆಕಳಿಗೂ ಹಿಂಗ ಮಾಡ್ತಾರ. ದನದ ಡಾಕ್ಟರ್ ಬಂದು ಸೂಜಿ ಕೊಟ್ಟ ಹೋಗ್ತಾರ."

"ಸುಮಾರು ಹಂಗ ಅನ್ರಿ ಆಯಿ" ಎಂದರು ಡಾಕ್ಟರಬಾಯಿ.

"ಹಂಗಾರ ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಜೆರ್ಸಿ ಬ್ಯಾಡ್ರೀ. ನಮ್ಮ ಗುಂಜಿ ಮಳಿಗೆ ತಾಳಂಗಿಲ್ಲ. ನಮ್ಮ ಮನೀದ ಇರ್ಲಿ."

ಮಗ ಗೋಡೆಯ ಕಡೆ ಮುಖ ತಿರುಗಿಸಿದ. ಡಾಕ್ಟರಬಾಯಿ ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದರು: "ನಿಮ್ಮ ಮನೀದ ಹಾಕ್ತೀವಿ ಆಯಿ. ಜೆರ್ಸಿ ನಾವು ಇಟ್ಟಿಲ್ಲ."

ಬಂಗಡೆಯ ವಾಸನೆ

ಅಂಡ ಬಲಿಯಲು ದಿನಾ ಇಂಜೆಕ್ಷನ್ ಕೊಡಬೇಕಿತ್ತು. ನಮ್ಮಲ್ಲಿಗೆ ಬರದ ದಿನ ಲೋಂಡಾದಲ್ಲಿ ಚುಚ್ಚಿಸಿಕೊಳ್ಳಿ, ತಂಪಿನಲ್ಲಿಡಿ ಎಂದು ಹೇಳಿ ಕಳಿಸಿದ್ದೆವು. ಅವರ ಓಣಿಯಲ್ಲಿ ಫ್ರಿಜ್ ಇದ್ದದ್ದು ಒಂದೇ ಮನೆಯಲ್ಲಿ. ಅದು ಕಾಕಾನ ಮನೆ.

ಮುಂದಿನ ಸಲ ಬಂದಾಗ ಗಂಡ ಚೀಲದಿಂದ ಇಂಜೆಕ್ಷನ್ನಿನ ಸ್ಟೀಲಿನ ಡಬ್ಬಿ ತೆಗೆದ. ಮುಚ್ಚಳ ತೆರೆದದ್ದೇ ತಡ, ಕೋಣೆಯೆಲ್ಲ ಬಂಗಡೆ ಮೀನಿನ ನಾತ. ಲೋಂಡಾದಲ್ಲಿ ಮೀನು ಮಾರುವ ಗೆಳೆಯನ ಬರ್ಫದ ಪೆಟ್ಟಿಗೆಯಲ್ಲಿ ಇಟ್ಟಿದ್ದನಂತೆ. ಒಂದೊಂದೇ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಯಾವುದೂ ಒಡೆದಿರಲಿಲ್ಲ, ತಣ್ಣಗೇ ಇದ್ದವು.

ನಮ್ಮ ನರ್ಸ್ ಕಟ್ಟಾ ಸಸ್ಯಾಹಾರಿ, ಅಂದು ಸೋಮವಾರದ ಉಪವಾಸ ಬೇರೆ. ಮೂಗಿಗೆ ಸೆರಗು ಹಿಡಿದು ಕೇಳಿದಳು: "ಅಕ್ಕಾರ, ಒಳಗಿನ ಔಷಧರ ಶಾಕಾಹಾರಿ ಐತಿಲ್ರಿ?"

ಆ ಕಾಲಕ್ಕೆ ಆ ಔಷಧವನ್ನು ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೆಯುತ್ತಿದ್ದರು. ಅದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

"ಮೀನಿಂದಂತೂ ಅಲ್ಲ ತಂಗಿ, ಚುಚ್ಚು" ಎಂದೆ.

ಮಜ್ಜಿಗೆ

ಅಂಡ ತೆಗೆಯುವ ದಿನ ದುರ್ಗಾಷ್ಟಮಿ ಬಂದಿತ್ತು. ಸಿಕ್ಕದ್ದು ಮೂರೇ ಮೂರು. ಅವನ್ನು ತಟ್ಟೆಯಲ್ಲಿಟ್ಟುಕೊಂಡು ನಾನು ಗಂಡನ ದಾರಿ ಕಾಯುತ್ತಿದ್ದೆ. ಅವನಿಗೆ ಒಂದು ಪುಟ್ಟ ಸೀಸೆ ಕೊಟ್ಟು ಕೋಣೆಗೆ ಕಳಿಸಿದ್ದೆವು. ಕೋಣೆ ಸೇರಿದವನು ಹೊರಗೆ ಬರುತ್ತಿಲ್ಲ. ಅವನಿಗೂ ಹೆದರಿಕೆ, ನನಗೂ ಹೆದರಿಕೆ.

ಅವನು ಯಾಕೆ ಒಳಗೆ ಹೋಗಿದ್ದಾನೆಂದು ತಾಯಿಗೆ ಯಾರೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಅವಳು ಹೋಗಿ ಬಾಗಿಲು ಬಡಿಯತೊಡಗಿದಳು.

"ಯಾಕೋ, ಎಷ್ಟೊತ್ತೋ? ಹೊಟ್ಟಿ ಕೆಟ್ಟೈತೇನೋ?"

ಬಾಗಿಲಿಗೆ ಕಿವಿ ಹಚ್ಚಿ ಮತ್ತೆ ಬಡಿದಳು.

"ಹಾದಿಮ್ಯಾಗ ಭಜಿ ತಿನಬ್ಯಾಡ ಅಂದಿದ್ದೆ. ತಡಿ, ಮಜ್ಜಿಗಿ ತರ್ತೇನಿ!"

ಕಾಯುತ್ತ ಕೂತಿದ್ದ ಗಂಡಸರೆಲ್ಲ ನೆಲ ನೋಡಿದರು. ಅವರಿಗೆಲ್ಲ ಆ ಕೋಣೆ ಗೊತ್ತಿತ್ತು. ನಾನು ಓಡಿಹೋಗಿ ಆಯಿಯನ್ನು ಕೈಹಿಡಿದು ಹೊರಗಿನ ಬೆಂಚಿಗೆ ಕರೆದೊಯ್ದೆ. ಕೊನೆಗೂ ಬಾಗಿಲು ತೆರೆಯಿತು. ಸೀಸೆ ನನ್ನ ಕೈಗೆ ಬಂತು, ಲೋಟದ ತುಂಬ ಮಜ್ಜಿಗೆ ಅವನ ಕೈಗೆ ಬಂತು. ಪಾಪ, ಅಷ್ಟೂ ಮಂದಿಯೆದುರು ಗಟಗಟ ಕುಡಿದ.

ರಟ್ಟಿನ ಡಬ್ಬಿಗೆ ಕುಂಕುಮ

ಮರುದಿನ ಖಂಡೇನವಮಿ, ಅಂದರೆ ಆಯುಧಪೂಜೆ; ಗುಂಜಿಯವರು ದವಾಖಾನೆಯಲ್ಲೇ ಉಳಿದಿದ್ದರು. ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂರರಲ್ಲಿ ಎರಡು ಫಲಿಸಿದ್ದವು. ಮತ್ತೆ ಇನ್‌ಕ್ಯುಬೇಟರಿನಲ್ಲಿಟ್ಟು ಹೊರಗೆ ಬಂದರೆ, ನಮ್ಮ ಆಯಾ ಮೌಶಿ ಊದುಬತ್ತಿ, ಲೋಬಾನ, ಚೆಂಡುಹೂವಿನ ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಮಷೀನಿಗೆ ಪೂಜೆಯಾಗಬೇಕು.

ಭ್ರೂಣಗಳಿಗೆ ಹೊಗೆ, ವಾಸನೆ ಆಗುವುದಿಲ್ಲ. ನಾನು ಆ ಕೋಣೆಗೆ ಪೌಡರ್ ಹಚ್ಚಿಕೊಂಡು ಕೂಡ ಹೋಗುತ್ತಿರಲಿಲ್ಲ. ಬಾಗಿಲಿಗೆ ಅಡ್ಡ ಕೈಚಾಚಿ ನಿಂತೆ.

"ವರ್ಷಕ್ಕೊಮ್ಮಿ ಪೂಜಿ ಇಲ್ಲಂದ್ರ ಮಷೀನ ಸಿಟ್ಟಿಗೇಳ್ತದ್ರಿ" ಎಂದಳು ಮೌಶಿ.

ಅತ್ತೆ ಅವಳ ಪಕ್ಷ ಸೇರಿದಳು. "ಖರೇ ಐತಿ. ನನ್ನ ಮೊಮ್ಮಕ್ಕಳು ಅದರಾಗ ಅದಾವು. ಹಬ್ಬದ ದಿನ ದೇವರ ದೀಪ ಇಲ್ದ ಕತ್ತಲಾಗ ಕುಂದರಬೇಕೇನು?"

ವಾದ ಬೆಳೆಯಿತು. ಕಡೆಗೆ ಡಾಕ್ಟರಬಾಯಿಯೇ ಒಂದು ದಾರಿ ಹುಡುಕಿದರು. ಇನ್‌ಕ್ಯುಬೇಟರ್ ಪರದೇಶದಿಂದ ಬಂದಾಗ ಅದನ್ನು ತುಂಬಿಕೊಂಡು ಬಂದ ದೊಡ್ಡ ರಟ್ಟಿನ ಡಬ್ಬಿ ಅಟ್ಟದ ಮೇಲಿತ್ತು. ಅದನ್ನು ಇಳಿಸಿ ಅಂಗಳದಲ್ಲಿಟ್ಟು ಹಾರ ಹಾಕಿದರು, ಕುಂಕುಮ ಹಚ್ಚಿದರು, ಕಾಯಿ ಒಡೆದರು. ಅತ್ತೆ ಖಾಲಿ ಡಬ್ಬಿಗೆ ಮೂರು ಸಲ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ನೀವೂ ಬೀಳ್ರಿ ಬಾಯಾರ. ದಿನಾ ಅದರ ಜೋಡಿ ಇರೋವ್ರು ನೀವು."

ನಾನೂ ಬಿದ್ದೆ. ಹೆದರಿದವರಿಗೆ ರಟ್ಟಾದರೂ ಸರಿಯೇ.

ಹಾರ ಹಾಕಿದ ಜನರೇಟರ್

ನಾನು ನಮಸ್ಕಾರ ಮಾಡಿ ಏಳುವಷ್ಟರಲ್ಲಿ ಕರೆಂಟ್ ಹೋಯಿತು.

ಇನ್‌ಕ್ಯುಬೇಟರಿಗೆ ಬ್ಯಾಟರಿ ಇತ್ತು, ಆದರೆ ಅದು ಹಳೆಯದು, ಎಷ್ಟು ಹೊತ್ತು ತಾಳುತ್ತದೋ ದೇವರೇ ಬಲ್ಲ. ಹಿತ್ತಲಿನ ಜನರೇಟರ್ ಕಡೆ ಓಡಿದೆ. ಅಲ್ಲಿ ಅದಕ್ಕೂ ಪೂಜೆಯಾಗಿತ್ತು. ಮೈತುಂಬ ಕುಂಕುಮ, ಹಿಡಿಕೆಗೆ ಹಾರ, ಮೇಲೊಂದು ನಿಂಬೆಹಣ್ಣು. ಪಕ್ಕದಲ್ಲಿ ವಾಚಮನ್ ಕೈಕಟ್ಟಿ ನಿಂತಿದ್ದ.

"ಚಾಲೂ ಮಾಡೋ!" ಎಂದೆ.

"ಆಗಂಗಿಲ್ರಿ ಅಕ್ಕಾರ. ಪೂಜಿ ಮಾಡಿದ ಸಾಮಾನ ಇವತ್ತ ಮುಟ್ಟಂಗಿಲ್ಲ. ನಾಳಿ ದಸರಾಕ್ಕ ಚಾಲೂ ಮಾಡ್ತೇನಿ."

"ನಾಳಿತನಕ ಅವು ಉಳೀತಾವೇನೋ?" ಎಂದೆ. ಬೈದೆ, ಬೇಡಿಕೊಂಡೆ, ಕೈಮುಗಿದೆ. ಅವನು ನನಗಿಂತ ಹೆಚ್ಚು ಹೆದರಿದ್ದ. ನಿಯಮ ಮುರಿದು ಏನಾದರೂ ಆದರೆ ಪಾಪ ತನ್ನ ತಲೆಗೆ ಎನ್ನುತ್ತಾನೆ. ಒಳಗೆ ಆ ಹುಡುಗಿ ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದ್ದಳು. ಇವೆರಡು ಹೋದರೆ ಅವಳಿಗೆ ಮತ್ತೆ ಸಿಗುವ ಅಂಡಗಳಿಲ್ಲ. ನಾನು ಅಳುವುದೊಂದೇ ಬಾಕಿ.

ಗದ್ದಲ ಕೇಳಿ ಅತ್ತೆ ಬಂದಳು. ವಿಷಯ ತಿಳಿದು ವಾಚಮನ್‌ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೋ ತಮ್ಮಾ, ದೀಪಾವಳಿ ಪಾಡ್ಯಕ್ಕ ನಿಮ್ಮ ಮನ್ಯಾಗ ಆಕಳಾ ಪೂಜಿ ಮಾಡ್ತೀರೇನು?"

"ಮಾಡ್ತೀವಲ್ರಿ."

"ಅವತ್ತ ಹಾಲ ಹಿಂಡೂದು ಬಿಡ್ತೀರೇನು?"

ಅತ್ತೆ ಹಿಡಿಕೆಯ ಹಾರ ಬಿಚ್ಚಿ ಅವನ ಕೊರಳಿಗೇ ಹಾಕಿದಳು. "ಹಿಂಡು ಇನ್ನ."

ಜನರೇಟರ್ ಗುಡುಗಿತು. ನಾನು ಇನ್‌ಕ್ಯುಬೇಟರಿನ ಶಾಖ ನೋಡಲು ಒಳಗೆ ಓಡಿದೆ.

ಕಾಕಾ ಬಂದ

ದಸರೆಯ ದಿನ ಎರಡೂ ಭ್ರೂಣಗಳನ್ನು ಒಳಗೆ ಬಿಟ್ಟೆವು. ರೈಲಿನ ಕುಲುಕಾಟಕ್ಕೆ ಏನೂ ಆಗುವುದಿಲ್ಲವೆಂದು ಡಾಕ್ಟರಬಾಯಿ ಎಷ್ಟು ಹೇಳಿದರೂ ಗಂಡ ನಂಬಲಿಲ್ಲ. "ಗುಂಜಿ ಬಾಜೂದ ಹಳಿ ನಾನ ಬಿಗಿ ಮಾಡೇನ್ರಿ, ಅದರ ಚಿಂತಿಲ್ಲ. ಈ ಕಡೀದು ಬ್ಯಾರೆ ಗ್ಯಾಂಗಿಂದು" ಎಂದು ಹೆಂಡತಿಯನ್ನು ಹೂವಿನ ಬುಟ್ಟಿಯಂತೆ ನಡೆಸಿಕೊಂಡು ಹೋದ.

ಎರಡು ವಾರ ನನಗೆ ಅನ್ನ ಸೇರಲಿಲ್ಲ. ರಕ್ತ ಪರೀಕ್ಷೆಯ ದಿನ ಫಲಿತಾಂಶ ನೋಡಿ, ಸುಳ್ಳಿರಬಹುದೆಂದು ಹೆದರಿ ಇನ್ನೊಮ್ಮೆ ಪರೀಕ್ಷೆ ಮಾಡಿದೆ. ಬಸುರು ನಿಂತಿತ್ತು! ಹುಡುಗಿ ನನ್ನ ಕೈಹಿಡಿದು ಅತ್ತಳು, ನಾನೂ ಅತ್ತೆ. ಗಂಡ ಮಾತ್ರ ಅಳಲಿಲ್ಲ. ಮೆಟ್ಟಿಲು ಹಾರಿ, ರಸ್ತೆ ದಾಟಿ, ಪೇಢೆ ಅಂಗಡಿಗೆ ಓಡಿದ. ಕುಂಟುವುದು ಮರೆತೇ ಹೋಗಿತ್ತು. ಅಂಗಡಿಯ ಮುಂದೆ ಅವನ ಗ್ಯಾಂಗಿನವನೊಬ್ಬ ಚಹಾ ಕುಡಿಯುತ್ತ, ಇವನು ನಮ್ಮ ಬಾಗಿಲಿಂದ ಓಡಿಬಂದದ್ದನ್ನು ನೋಡಿದ.

ಸುದ್ದಿ ಇವರಿಗಿಂತ ಮೊದಲು ಗುಂಜಿ ಮುಟ್ಟಿತು. ಬಸುರಿನ ಸುದ್ದಿಯಲ್ಲ, ಮೊಣಕಾಲಿನ ಸುದ್ದಿ.

ಅದಾಗಿ ಕೆಲವು ದಿನಕ್ಕೆ ದವಾಖಾನೆಗೆ ಒಬ್ಬ ಹಿರಿಯರು ಬಂದರು. ಬಿಳಿ ಧೋತರ, ತಲೆಗೆ ಪಟಕಾ, ಕೈಯಲ್ಲಿ ಕೋಲು. ಹೆಂಗಸರ ನಡುವೆ ಗಂಭೀರವಾಗಿ ಕೂತರು. ಗೋಡೆಯ ತುಂಬ ಇದ್ದ ಕೂಸುಗಳ ಚಿತ್ರ ನೋಡಿ, ಡಾಕ್ಟರಿಗೆ ಮಕ್ಕಳು ಬಹಳ ಎಂದು ಪಕ್ಕದವಳಿಗೆ ಹೇಳಿದರಂತೆ. ಸರದಿ ಬಂದಾಗ ಒಳಗೆ ಬಂದು, ಗುಂಜಿಯ ಗ್ಯಾಂಗಿನವನ ಹೆಸರು ಹೇಳಿ, "ನಾ ಅವನ ಕಾಕಾರಿ" ಎಂದರು.

ಐದು ತಿಂಗಳು ತುಂಬುವ ತನಕ ಕಾಕಾನಿಗೆ ಏನೂ ತಿಳಿಯಬಾರದೆಂದು ಅತ್ತೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಎಲ್ಲ ಗೊತ್ತಾಗಿ ಜಗಳಕ್ಕೇ ಬಂದಿದ್ದಾನೆ ಎಂದುಕೊಂಡೆ.

ಕಾಕಾ ಧೋತರ ಮೇಲೆತ್ತಿ ಮೊಣಕಾಲು ತೋರಿಸಿದರು.

"ಹತ್ತು ವರ್ಷದ ಬ್ಯಾನಿ ಐತ್ರಿ ಬಾಯಾರ. ಖಾನಾಪುರ, ಹುಬ್ಬಳ್ಳಿ ಎಲ್ಲಾ ಆತು. ನಮ್ಮ ಹುಡುಗ ನಿಮ್ಮ ಕಡಿಂದ ಹೋಗಿ ಕುದರಿ ಆಗ್ಯಾನ. ಕೇಳಿದ್ರ ಏನ ಔಷಧಾ ಅಂತ ಹೇಳವಲ್ಲ, ನಕ್ಕ ಸುಮ್ಮನಾಗ್ತಾನ. ನೀವ ಹೇಳ್ರಿ. ಅವಗ ಏನ ಕೊಟ್ರಿ, ನನಗೂ ಅದನ್ನ ಕೊಡ್ರಿ!"

ನರ್ಸ್ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಡಾಕ್ಟರಬಾಯಿ ಮಾತ್ರ ಅದೇ ಗಂಭೀರ ಮುಖದಲ್ಲಿ ಆ ಮೊಣಕಾಲನ್ನು ಒತ್ತಿ ನೋಡಿದರು.

"ಅಂಥಾ ಔಷಧಾ ಇಲ್ಲೆ ಸಿಗಂಗಿಲ್ಲ ಕಾಕಾ. ಮನ್ಯಾಗ ಒಂದ ಕೂಸಿರಬೇಕು. ಅದರ ಹಿಂದ ಓಡಾಡಿದ್ರ ಮೊಣಕಾಲ ತಾನ ಸುದ್ದ ಆಗ್ತಾವು."

ಕಾಕಾ ಧೋತರ ಇಳಿಸಿದರು. ಆಮೇಲೆ ಕೋಲೂರಿ ಎದ್ದು, "ಹಂಗಾರ ನಮ್ಮ ಹುಡುಗನ ಹೇಣ್ತಿನ್ನ ಒಮ್ಮಿ ಕರಕೊಂಡ ಬರ್ತೇನಿ. ಪಾಪ, ಆಕಿನ್ನ ಯಾರೂ ದವಾಖಾನಿಗೆ ತೋರಿಸೇ ಇಲ್ರಿ" ಎಂದರು.