ಅಳಿಯನ ಸೂಟಿಗೆ ನನ್ನ ಅಳತೆ

ದಿನಕ್ಕೆ ನಾಲ್ಕು ಸಲ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಗಂಡಸು ತನ್ನ ಹೊಟ್ಟೆಯನ್ನು ಮಾತ್ರ ನೋಡಿಕೊಳ್ಳುವುದಿಲ್ಲ. ಶಹಾಪುರದ ನಮ್ಮ ಮನೆಯ ಕನ್ನಡಿಯಂತೂ ಕುತ್ತಿಗೆಗೇ ಮುಗಿದುಹೋಗುತ್ತದೆ. ಅದರ ಕೆಳಗೆ ಏನು ನಡೆದಿದೆ ಎನ್ನುವುದರ ಬಗ್ಗೆ ಇಪ್ಪತ್ತು ವರ್ಷಗಳಿಂದ ನನ್ನ ಹತ್ತಿರ ಇದ್ದದ್ದು ಹಳೆಯ ಮಾಹಿತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ ಹೀಗೆ ಒಪ್ಪಿಕೊಳ್ಳಬಾರದು, ಒಪ್ಪಿಕೊಳ್ಳುತ್ತಿದ್ದೇನೆ.

ಮಗಳು ಭಾಗ್ಯಳ ನಿಶ್ಚಯದ ದಿನ ಬೀಗರ ಕಡೆಯ ಹಿರಿಯರೊಬ್ಬರು ನನ್ನನ್ನೂ ಅಳಿಯನಾಗುವ ಮಹೇಶನನ್ನೂ ಬಾಜೂಕ ಕೂಡಿಸಿ, "ಮಾವ-ಅಳಿಯ ಥೇಟ್ ಅಣ್ತಮ್ರಂಗ ಕಾಣಾಕತ್ತಾರ ನೋಡ್ರಿ" ಅಂದುಬಿಟ್ಟರು. ಹೋಳಿಗೆ ಉಂಡು ಎಲೆ ಅಡಿಕೆ ಹಾಕಿಕೊಂಡವರು ಇಂಥ ಮಾತು ಹತ್ತು ಆಡುತ್ತಾರೆ. ಉಳಿದ ಒಂಬತ್ತನ್ನು ನಾನು ಅಲ್ಲೇ ಮರೆತೆ.

ನಮ್ಮ ಕಡೆ ಮದುಮಗನ ಸೂಟು ಹೆಣ್ಣಿನವರ ಪಾಲು. "ಯಾದಗಿರಿಗೆ ಹೋಗಿ ರೆಡಿಮೇಡ್ ತಗೋರಿ. ಅಳಿಯ ಹಾಕ್ಕೊಂಡು ನೋಡ್ತಾನ, ಕಥಿ ಮುಗೀತು" ಅಂದಳು ನಮ್ಮ ಮನಿಯಾಕಿ. ನಾನು ಸುತರಾಂ ಒಪ್ಪಲಿಲ್ಲ. ನನ್ನ ಮದುವೆಗೆ ಮಾವನವರು ತಂದದ್ದು ರೆಡಿಮೇಡೇ. ತೋಳು ಎಷ್ಟು ಉದ್ದವಿತ್ತೆಂದರೆ, ಆಲ್ಬಮ್ಮಿನ ಒಂದು ಫೋಟೋದಲ್ಲೂ ನನಗೆ ಕೈಗಳಿಲ್ಲ. ಅಕ್ಷತೆ ಹಾಕಿದವರಿಗೆ ನಾನು ನಮಸ್ಕಾರ ಮಾಡಿದೆನೋ ಇಲ್ಲವೋ ಎನ್ನುವುದಕ್ಕೆ ಇವತ್ತಿಗೂ ಪುರಾವೆ ಇಲ್ಲ. ಬೀಗರ ಮುಂದೆ ನನ್ನ ಅಳಿಯನಿಗೆ ಆ ಗತಿ ಬರಬಾರದು, ಹೊಲಿಸಿಯೇ ಕೊಡುತ್ತೇನೆ ಅಂದೆ.

"ಹಂಗಾದ್ರ ಅಳತಿಗೆ ಅವರ್ದೊಂದು ಹಳೇ ಕೋಟ್ ತರಸ್ಲೇನಪ್ಪಾ?" ಅಂತ ಭಾಗ್ಯ ಕೇಳಿದಳು. ಮಹೇಶ ರಾಯಚೂರಿನಲ್ಲಿ ಕೆಲಸದಲ್ಲಿದ್ದಾನೆ.

"ಯಾತಕ್ಕ? ನಾ ಇಲ್ಲೇನು?"

ತಾಯಿ-ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಹೋದರು. ಒಪ್ಪಿದರು ಎಂದು ನಾನು ತಿಳಿದೆ.

ಸುರಪುರದ ಟೇಲರ್ ಮಹಬೂಬಸಾಬರು ನನಗೆ ಹಳೆಯ ಪರಿಚಯ. ಆದರೆ ಅವರು ಟೇಪು ಹಿಡಿದು ಅಂಕಿಗಳನ್ನು ಗಟ್ಟಿಯಾಗಿ ಕೂಗುತ್ತಾರೆ, ಅಂಗಡಿಯ ಬಾಗಿಲು ನೇರ ಬಜಾರಿಗೆ ತೆರೆದಿದೆ. ಟೇಪು ಸೊಂಟಕ್ಕೆ ಬಂತು. ನನ್ನ ಹೊಟ್ಟೆ ತಾನಾಗಿಯೇ ಒಳಗೆ ಹೋಯಿತು.

"ಮಾಸ್ತರ್ರೆ, ಉಸರಾ ಬಿಡ್ರಿ."

"ಬಿಟ್ಟೀನಿ."

"ಬಿಟ್ರಿ, ಮತ್ತ ತಗೊಂಡ್ರಿ." ಕನ್ನಡಕದ ಮೇಲಿಂದ ನೋಡಿದರು. "ಅಳಿಯಾರ್ದೂ ಇಷ್ಟs ಏನ್ರಿ?"

"ಸೇಮ್!" ಅಂದೆ, ಉಳಿದಿದ್ದ ಚೂರು ಉಸಿರಿನಲ್ಲಿ.

"ಮೂವತ್ನಾಲ್ಕು!" ಅಂತ ಕೂಗಿದರು. ಬಜಾರೆಲ್ಲ ಕೇಳಲಿ ಎಂದು ನನಗೂ ಅನ್ನಿಸಿತು. ಆಮೇಲೆ ಚಹಾ ತರಿಸಿದರು. ಮಾತಾಡುತ್ತ ಆರಾಮವಾಗಿ ಕುಡಿದೆ. ಅಷ್ಟರಲ್ಲಿ ಅವರು ಬುಕ್ಕಿನಲ್ಲಿ ಏನೋ ತಿದ್ದಿ ಬರೆದರು. ನಾನು ಕೇಳಲಿಲ್ಲ.

ಮದುವೆಯ ಹಿಂದಿನ ದಿನ ಬೀಗರೆಲ್ಲ ಕೂತಿದ್ದಾಗ ಸೂಟು ಹೊರಗೆ ತೆಗೆದೆ. ಮಹೇಶ ಹಾಕಿಕೊಂಡು ಬಂದ. ಗುಂಡಿ ಹಾಕಿದ ಮೇಲೂ ಒಳಗೆ ಇನ್ನೊಬ್ಬನಿಗೆ ಜಾಗವಿತ್ತು. ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಬೀಗತಿ ಸೀರೆಯ ಸೆರಗು ಬಾಯಿಗೆ ಹಿಡಿದರು. ಅಯ್ಯೋ, ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು ನನಗೆ.

ಮಹೇಶ ಒಳ್ಳೆಯ ಹುಡುಗ. ಒಳಗೆ ಹೋಗಿ ಇನ್ನೊಂದು ಸೂಟು ಹಾಕಿಕೊಂಡು ಬಂದ. ರೆಡಿಮೇಡು. ಮೈಗೆ ಅಂಟಿದ ಹಾಗೆ ಕೂತಿತ್ತು.

"ಇದನ್ನ ಯಾವಾಗ ತಗೊಂಡ್ರಿ?" ಅಂದೆ.

ಅವನು ಭಾಗ್ಯಳ ಕಡೆ ನೋಡಿದ. ಅವಳು ಕೈಯ ಮೆಹಂದಿ ನೋಡಿಕೊಂಡಳು. "ತಿಂಗಳಾತ್ರಿ ಮಾವಾರ" ಅಂದ. "ನಿಶ್ಚಯದಾಗ ನಾ ನಿಮ್ಮ ಬಾಜೂಕ ಕೂತಿದ್ನೆಲ್ರಿ..." ಮುಂದಿನದು ನನಗೇ ತಿಳಿಯಿತು. ಅಂದರೆ ನನ್ನ ಸೊಂಟದ ವಿಷಯದಲ್ಲಿ ಮೋಸಹೋದವನು ಮನೆಯಲ್ಲಿ ನಾನೊಬ್ಬನೇ.

ಹೊಲಿಸಿದ ಸೂಟನ್ನು ಮದುವೆಗೆ ನಾನೇ ಹಾಕಿಕೊಂಡೆ. ಗುಂಡಿಗಳು ಸಲೀಸಾಗಿ ಕೂತವು. ಮನಿಯಾಕಿ ಒಂದು ಸುತ್ತು ಬಂದು ನೋಡಿ, "ಛಂದ ಕಾಣ್ತೀರಿ ಬಿಡ್ರಿ" ಅಂದಳು. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ವಾರದ ನಂತರ ಮಹಬೂಬಸಾಬರನ್ನು ದಬಾಯಿಸಲೆಂದೇ ಸುರಪುರದ ಬಸ್ಸು ಹತ್ತಿದೆ. ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: "ಮಾಸ್ತರ್ರೆ, ನಿಮಗಂತ ಹೊಲಸಿದ್ರ ನೀವ್ ಉಸರಾ ಹಿಡಿದು ಕೊಟ್ಟ ಮೂವತ್ನಾಲ್ಕs ಹೊಲೀತಿದ್ದೆ, ಅದು ನಿಮ್ಮ ಮರ್ಜಿ. ಆದ್ರ ಇದು ಅಳಿಯಾರ ಸೂಟು. ಬೀಗರ ಮುಂದ ನಿಮ್ಮ ಇಜ್ಜತ್ ಹೋಗಬಾರದಂತ, ಚಾ ಕುಡಿಯೋವಾಗ ನೋಡಿ ಖರೇ ಅಳತಿ ಬರ್ಕೊಂಡೆ. ಹೆಂಗ್ ಕುಂತದರಿ ಅಳಿಯಾಗ?"

ಅವರ ಮುಖದಲ್ಲಿದ್ದ ಸಂತೋಷ ನೋಡಿ ನನ್ನ ಸಿಟ್ಟು ಇಳಿದುಹೋಯಿತು. "ಭಾಳ ಛಲೋ ಕುಂತದರಿ" ಅಂದೆ.

"ಹಂಗಾದ್ರ ದೀಪಾವಳಿಗೆ ಅಳಿಯಾರಿಗೆ ಇನ್ನೊಂದು ಹೊಲಿಯೂಣು. ಅಳತಿ ಬುಕ್ಕಿನಾಗs ಅದ."

ಅಂಗಡಿಯಲ್ಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಆಮೇಲೆ, ಅಳಿಯನಿಗೆ ನೀಲಿ ಬಣ್ಣ ಒಪ್ಪುತ್ತದೆ ಎಂದು ಹೇಳಿ ಬಂದೆ.