ಪಾಲಾಕ್ಷ ಮೇಷ್ಟ್ರ ಜಾರುಕೋಣೆ

"ಬನ್ನಿ ಬನ್ನಿ, ಎಲ್ಲರೂ ಹತ್ತಿರ ಬನ್ನಿ! ತೀರಾ ಹತ್ತಿರ ಬೇಡ, ಕೋಣೆ ಹೊರಗೆ ಬರುತ್ತೆ!" ಎಂದು ಪಾಲಾಕ್ಷ ಮೇಷ್ಟ್ರು ತಮ್ಮ ಅಂಗಳದಲ್ಲಿ ನಿಂತು ಕೂಗಿದಾಗ, ಚಿತ್ರದುರ್ಗದ ಆ ಓಣಿಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮುಖ ಗಂಟು ಹಾಕಿಕೊಂಡಿದ್ದವನು ಒಬ್ಬನೇ, ಪಕ್ಕದ ಮನೆಯ ಸಿದ್ದೇಶಪ್ಪ.

ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಇಪ್ಪತ್ತು ವರ್ಷದಿಂದ ಓಣಿಯಲ್ಲಿ ಮಿಕ್ಸಿ ನಿಂತರೂ ಪಂಪು ಕೆಟ್ಟರೂ ಅವನನ್ನೇ ಕರೆಯಬೇಕು. ಈಗ ನೋಡಿದರೆ, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದ ಈ ಮನುಷ್ಯ ಹಳೇ ಟ್ರೇಲರಿನ ಮೇಲೆ ಮನೆ ಕಟ್ಟಿಬಿಟ್ಟಿದ್ದಾರೆ! ಜೀಪಿಗೆ ಕಟ್ಟಿ ಎಳೆದುಕೊಂಡು ಹೋಗುವ ಮನೆ! ಅದೂ ಸಾಲದೆಂದು, ಗಾಡಿ ನಿಲ್ಲಿಸಿದ ಮೇಲೆ ಒಂದು ಕೋಣೆ ಗೋಡೆ ಸಮೇತ ಮೇಜಿನ ಡ್ರಾಯರಿನ ಹಾಗೆ ಹೊರಗೆ ಜಾರುತ್ತದಂತೆ. ಅದಕ್ಕೆ ಸ್ವಿಚ್ಚೂ ಇಲ್ಲ. ಒಳಗಿರುವ ಕೆಂಪು ದಿಂಬಿನ ಮೇಲೆ ಕೂತವರ ಮನಸ್ಸಿಗೆ 'ಇನ್ನಷ್ಟು ಬೇಕು' ಅನ್ನಿಸಿದರೆ ಹೊರಡುತ್ತದೆ, 'ಸಾಕು' ಅನ್ನಿಸಿದರೆ ನಿಲ್ಲುತ್ತದೆ!

"ಎಂಥಾ ತಲೆ ರೀ ಪಾಲಾಕ್ಷಣ್ಣಂದು!" ಎಂದಳು ಸಿದ್ದೇಶಪ್ಪನ ಹೆಂಡತಿ ಗಿರಿಜಮ್ಮ. "ನಮ್ಮ ಅಡುಗೆಮನೇಲಿ ಬಗ್ಗಿದ್ರೆ ಗೋಡೆ, ಎದ್ರೆ ಕಪಾಟು."

ಸಿದ್ದೇಶಪ್ಪನ ಹೊಟ್ಟೆ ಉರಿದುಹೋಯಿತು. ಮದುವೆಯಾಗಿ ಹದಿನೆಂಟು ವರ್ಷ. ಅವನ ತಲೆಯ ಬಗ್ಗೆ ಅವಳ ಬಾಯಿಂದ ಅಂಥ ಒಂದು ಮಾತು ಬಂದಿರಲಿಲ್ಲ. ದೇವರೇ, ಇದೊಂದು ಕೆಟ್ಟು ನಿಲ್ಲಲಿ!

ದೇವರು ಕೇಳಿಸಿಕೊಂಡ! ಮೇಷ್ಟ್ರು ದಿಂಬಿನ ಮೇಲೆ ಕೂತರು, ಒಳಗೆಲ್ಲೋ ಟಕ್ ಟಕ್ ಎಂದಿತು, ಕೋಣೆ ಮಾತ್ರ ಅಲುಗಲಿಲ್ಲ.

"ಸಿದ್ದೇಶಪ್ಪಾ, ಸ್ವಲ್ಪ ನೋಡಪ್ಪ," ಎಂದರು ಮೇಷ್ಟ್ರು, ಬೆವರು ಒರೆಸಿಕೊಳ್ಳುತ್ತ.

ಸಿದ್ದೇಶಪ್ಪ ಟೆಸ್ಟ್ ಲ್ಯಾಂಪು ಹಿಡಿದು ಗಾಡಿಯಡಿ ನುಸುಳಿದ. ಬ್ಯಾಟರಿ ಸರಿಯಾಗಿದೆ. ವೈರು ಸರಿಯಾಗಿದೆ. ಹಿಂದುಗಡೆ ಅರ್ತ್ ವೈರು ಬಿಗಿದ ಬೋಲ್ಟು ನೋಡಿದರೆ, ಅಯ್ಯೋ ಶಿವನೇ! ದುಂಡನೆಯ ತಲೆಗೆ ಮೂರು ಪಟ್ಟೆ ವಿಭೂತಿ, ಒಂದು ಬಿಲ್ವಪತ್ರೆ, ಸುತ್ತ ಹುಳಿ ಹಾಲಿನ ವಾಸನೆ. ಬೋಲ್ಟು ತುಕ್ಕು ಹಿಡಿದು ಕರೆಂಟು ಹರಿಯುವ ದಾರಿಯೇ ಕಟ್ಟಿಹೋಗಿತ್ತು. ಎರಡು ನಿಮಿಷದ ಕೆಲಸ. ಆದರೆ ಮಾಡಿಕೊಟ್ಟರೆ ಹೊಗಳಿಕೆ ಯಾರಿಗೆ?

ಹೊರಗೆ ಬಂದು, "ಮೋಟಾರೇ ಸುಟ್ಟುಹೋಗಿದೆ ಮೇಷ್ಟ್ರೇ. ಎರಡು ತಿಂಗಳಾದ್ರೂ ಬೇಕು," ಎಂದ.

"ಹಂಗಂದ್ರೆ ನಿಮಗೂ ಗೊತ್ತಾಗ್ಲಿಲ್ಲ ಅನ್ನಿ," ಎಂದಳು ಗಿರಿಜಮ್ಮ.

ಅಷ್ಟೇ! ಸಿದ್ದೇಶಪ್ಪ ಮತ್ತೆ ಗಾಡಿಯಡಿ ನುಗ್ಗಿದ. ಗರಗರ ಉಜ್ಜಿ ಬೋಲ್ಟು ಬಿಗಿದು, "ಸರ್ವಮಂಗಳಕ್ಕಾ! ಇದಕ್ಕೆ ಹಾಲು ಹಾಕಿದ್ದು ಯಾರು?" ಎಂದು ಕಿರುಚಿದ.

"ನಾನೇ ಕಣಪ್ಪ. ಲಿಂಗದ ಹಂಗೇ ಇತ್ತಲ್ಲ, ತಿಂಗಳಿಂದ ದಿನಾ ಅಭಿಷೇಕ ಮಾಡ್ತಿದ್ದೀನಿ," ಎಂದರು ಮೇಷ್ಟ್ರ ಹೆಂಡತಿ. "ಗಾಡಿಗೆ ಒಳ್ಳೇದಾಗ್ಲಿ ಅಂತ."

"ರಿಪೇರಿ ಮಾಡಿದವನೇ ಮೊದಲು ಕೂರಬೇಕು!" ಎಂದು ಸಿದ್ದೇಶಪ್ಪ ಯಾರನ್ನೂ ಕೇಳದೆ ಹೋಗಿ ದಿಂಬಿನ ಮೇಲೆ ಕೂತ. ಕೋಣೆ ಗುಂಯ್ ಎಂದು ಹೊರಗೆ ಜಾರಿತು. ಜನ ಚಪ್ಪಾಳೆ ತಟ್ಟಿದರು. ತಟ್ಟಿದ್ದು ಮೇಷ್ಟ್ರಿಗೆ!

ಸಿದ್ದೇಶಪ್ಪನ ಹೊಟ್ಟೆ ಮತ್ತೆ ಉರಿಯಿತು. ಕೋಣೆ ಐದಡಿ ಬಂತು, ಹತ್ತಡಿ ಬಂತು. ಗೋಡೆಯ ಮಡಿಕೆ ಬಿಚ್ಚಿದಷ್ಟೂ ತಗಡು! ಮೇಷ್ಟ್ರ ನುಗ್ಗೇಮರ ಮುರಿಯಿತು. ಕಾಂಪೌಂಡು ಬಿತ್ತು.

"ಏಳಲಾ ಮೇಷ್ಟ್ರೇ?"

"ಏಳ್ಬೇಡ! ಎದ್ರೆ ಒಂದೇ ಏಟಿಗೆ ಮಡಚ್ಕೊಳ್ಳುತ್ತೆ, ನೀನು ಹಪ್ಪಳ ಆಗ್ತೀಯ! ಸಾಕು ಅನ್ಕೋ, ನಿಲ್ಲುತ್ತೆ!"

"ಸಾಕು, ಸಾಕು!" ಎಂದು ಸಿದ್ದೇಶಪ್ಪ ಗಂಟಲು ಹರಿಯುವಂತೆ ಕೂಗಿದ. ಬಾಯಲ್ಲಿ ಹೇಳಿದರೆ ದಿಂಬು ನಂಬಬೇಕಲ್ಲ!

ಆಗ ಗಿರಿಜಮ್ಮ ಓಡಿಬಂದು ಕಿಟಕಿ ಹಿಡಿದುಕೊಂಡಳು. "ರೀ, ಕೋಣೆ ಹೊರಟಿದ್ದೇ ನಿಮ್ಮ ಕೈಯಿಂದ. ನಿಮ್ಮಂಥ ಕೆಲಸಗಾರ ಈ ಊರಲ್ಲಿ ಯಾರಿದ್ದಾರೆ ಹೇಳಿ?"

ಸಿದ್ದೇಶಪ್ಪನ ಕಣ್ಣಲ್ಲಿ ನೀರು ಬಂತು. ಹದಿನೆಂಟು ವರ್ಷಕ್ಕೆ ಒಂದು ಮಾತು! ಕೋಣೆ ಗಕ್ಕನೆ ನಿಂತಿತು. ಅವನ ಅಡುಗೆಮನೆಯ ಗೋಡೆಗೆ ಇನ್ನು ಒಂದೇ ಗೇಣು ಉಳಿದಿತ್ತು.

"ಅಬ್ಬಾ," ಎಂದರು ಸರ್ವಮಂಗಳಮ್ಮ. "ಮುಂದಿನ ಸಲ ಇವರು ಎರಡಂತಸ್ತಿಂದು ಮಾಡ್ತಾರಂತೆ."

ಗುಂಯ್! ಕೋಣೆ ಗೋಡೆ ಒಡೆದುಕೊಂಡು ಸಿದ್ದೇಶಪ್ಪನ ಅಡುಗೆಮನೆಗೆ ನುಗ್ಗಿತು, ಪಾತ್ರೆಗಳೆಲ್ಲ ದಡದಡ ಉರುಳಿದವು. ಗ್ಯಾಸ್ ಕಟ್ಟೆಗೆ ತಾಗಿ ಅಂತೂ ನಿಂತಿತು.

ಧೂಳು ಅಡಗಿದಾಗ ಕೋಣೆಯ ಮುಂದಿನ ತಗಡು ಕಿತ್ತುಬಿದ್ದು, ಕೋಣೆಯೂ ಅಡುಗೆಮನೆಯೂ ಒಂದಾಗಿದ್ದವು. ಗಿರಿಜಮ್ಮ ಒಳಗೆ ಬಂದು ಆ ತುದಿಯಿಂದ ಈ ತುದಿಗೆ ನಡೆದಳು. ಬಗ್ಗಿದಳು, ಎದ್ದಳು. ಎಲ್ಲಿಯೂ ಏನೂ ತಾಗಲಿಲ್ಲ.

"ಅಡುಗೆಮನೆ ದೊಡ್ಡದು ಮಾಡಿಸಿ ಅಂತ ನಿಮ್ಮನ್ನ ಹತ್ತು ವರ್ಷದಿಂದ ಕೇಳ್ತಿದ್ದೆ," ಎಂದಳು ಗಂಡನಿಗೆ. "ಕೊನೆಗೆ ಪಾಲಾಕ್ಷಣ್ಣನೇ ಬರಬೇಕಾಯ್ತು ನೋಡಿ."

ಸಿದ್ದೇಶಪ್ಪ ಇನ್ನೂ ದಿಂಬಿನ ಮೇಲಿಂದ ಎದ್ದಿರಲಿಲ್ಲ. ಕೋಣೆ ಮತ್ತೆ ಹೊರಟಿತು.