ಒಂದು ಉದ್ದ, ಎರಡು ಗಿಡ್ಡ

ನಮ್ಮ ಮನೆತನದಲ್ಲಿ ಪದವಿಯನ್ನು ಮೊದಲು ಪಡೆದವನು ನಾನು. ಪದವಿಯೊಡನೆ ಒಂದು ಕಾಯಿಲೆಯೂ ಅಂಟಿಕೊಂಡಿತು. ಬಾಯಿ ತೆರೆಯುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಪೂರ್ತಿಯಾಗಿ ಹೇಳಿ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ನನಗೆ ಮಾತನಾಡಲಾಗುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಬೇಕಾದ ತಮಿಳು ವಾಕ್ಯವನ್ನು ತಿದ್ದುತ್ತಿರುವಾಗಲೇ ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದುಂಟು. ಮದುವೆಮನೆಯೊಂದರಲ್ಲಿ ಸಾರು ಬಹಳ ಬಿಸಿಯಿದೆಯೆಂದು ಪಕ್ಕದಲ್ಲಿ ಕೂತಿದ್ದ ಅಧಿಕಾರಿಯೊಬ್ಬರಿಗೆ ಇಂಗ್ಲಿಷಿನಲ್ಲಿ ತಿಳಿಸಲು ಹೊರಟೆ. ವಾಕ್ಯ ಸಿದ್ಧವಾಗುವಷ್ಟರಲ್ಲಿ ಸಾರು ಆರಿತ್ತು, ಅವರ ನಾಲಗೆ ಸುಟ್ಟಿತ್ತು.

ನನ್ನ ತಂದೆಯವರಿಗೆ ಈ ಬಾಧೆಯಿಲ್ಲ. ಕುಂದಾಪುರದ ಕಡೆಯಿಂದ ಬಂದು ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಗೆ ನಿಂತ ಅವರು, ಊರಿನ ಕನ್ನಡ, ಅಕ್ಕಪಕ್ಕದ ಸಿನಿಮಾ ಸ್ಟುಡಿಯೋದವರಿಂದ ಕಲಿತ ತಮಿಳು ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಬಡಿಸುತ್ತಾರೆ. ಅವರ ಮಾತು ಅರ್ಥವಾಗಲಿಲ್ಲವೆಂದವರನ್ನು ನಾನು ಈವರೆಗೆ ಕಂಡಿಲ್ಲ. ನಾನು ಕಾಲೇಜಿಗೆ ಸೇರಿದಾಗ ಅದೇ ಹೋಟೆಲಿನ ಗಲ್ಲೆಯಲ್ಲಿ ಕೂರುವ ಭಟ್ಟರು ಎಲ್ಲರೆದುರು ಅವರನ್ನು ಕೇಳಿದ್ದರಂತೆ: “ಇಡ್ಲಿ ಎಣಿಸುಕೆ ಬಿ.ಎಸ್ಸಿ. ಬೇಕಾ ಮಾರಾಯಾ?” ವರ್ಷಗಳ ಬಳಿಕ ವೆಸ್ಟ್ ಮಾಂಬಲಂನ ನಮ್ಮ ಬಾಡಿಗೆ ಮನೆಗೆ ಕಂಪ್ಯೂಟರ್ ಬಂದಾಗ ತಂದೆಯವರಿಗೆ ಅದಕ್ಕೆ ಉತ್ತರ ದೊರೆಯಿತು. ಹೋಟೆಲಿನ ಊಟದ ಗಲಾಟೆ ಮುಗಿದ ಮೇಲೆ ಅದನ್ನು ತೋರಿಸಲು ಭಟ್ಟರನ್ನು ತಾವೇ ಕರೆತರುವುದೆಂದು ಗೊತ್ತುಮಾಡಿ, ಬೆಳಿಗ್ಗೆ ಹೊರಡುವಾಗ ನನಗೆ ಹೇಳಿದರು: “ಮೂರ್ ಗಂಟಿಗೆ ಬತ್ತೊ. ಅಷ್ಟೊತ್ತಿಗೆ ಹಚ್ಚಿ ಇಡ್ ಮಗಾ.” ಒಲೆಯಾದರೂ ಕಂಪ್ಯೂಟರಾದರೂ ಅವರ ಪಾಲಿಗೆ ಹಚ್ಚುವಂಥದ್ದೇ.

ಹಚ್ಚಿದೆ. ಹತ್ತಲಿಲ್ಲ. ಪೆಟ್ಟಿಗೆಯೊಳಗೆ ಫ್ಯಾನು ತಿರುಗಿತು, ಹಸಿರು ದೀಪ ಬೆಳಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಒಳಗಿನಿಂದ ಏನೋ ಕೀರಲು ದನಿ ಬಂತು. ಪದವೀಧರನಿಗೆ ಒಪ್ಪುವ ಗಾಂಭೀರ್ಯದಿಂದ ಆರಿಸಿ ಮತ್ತೆ ಹಚ್ಚಿದೆ, ಅದೇ ದನಿ.

ನಮ್ಮ ಕಟ್ಟಡದ ಕೆಳಗೇ ಒಂದು ಟೆಲಿಫೋನ್ ಬೂತ್ ಇತ್ತು. ಸೆಕೆಗೆ ಅದರ ಬಾಗಿಲನ್ನು ಯಾರೂ ಮುಚ್ಚುತ್ತಿರಲಿಲ್ಲ. ಯಂತ್ರವನ್ನು ಜೋಡಿಸಿಕೊಟ್ಟ ಅಂಗಡಿಯ ಮೆಕ್ಯಾನಿಕ್‌ಗೆ ಅಲ್ಲಿಂದ ಫೋನು ಮಾಡಿದೆ. ಏನು ಸೌಂಡ್ ಬರುತ್ತಿದೆಯೆಂದು ಅವರು ತಮಿಳಿನಲ್ಲಿ ಕೇಳಿದರು. ಮಧ್ಯೆ ಮಧ್ಯೆ ಶ್ರವಣಗೋಚರವಾದ ಸಂಕೇತವೊಂದು ಹೊರಡುತ್ತಿದೆ ಎಂಬರ್ಥದ, ವ್ಯಾಕರಣದೋಷವಿಲ್ಲದ ಇಂಗ್ಲಿಷ್ ವಾಕ್ಯವೊಂದನ್ನು ಒಪ್ಪಿಸಿದೆ. ಅವರು ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿ ನೋಡಲು ಹೇಳಿದರು. ಮೇಲೆ ಹೋಗಿ ಹಾಗೆಯೇ ಮಾಡಿ, ಬೆವರಿಳಿಸಿಕೊಂಡು ಕೆಳಗೆ ಬಂದು ಮತ್ತೆ ಫೋನು ಮಾಡಿ, ಸಂಕೇತವು ಯಥಾಪ್ರಕಾರ ಮುಂದುವರಿದಿದೆ ಎಂದು ಇನ್ನೊಂದು ನಿರ್ದುಷ್ಟ ವಾಕ್ಯದಲ್ಲಿ ವರದಿ ಮಾಡಿದೆ.

“ಸಾರ್, ಇಂಗ್ಲಿಷ್ ವೇಂಡಾಂ,” ಎಂದರು ಅವರು. “ಅದು ಎಪ್ಪಡಿ ಕತ್ತುದೋ, ಅಪ್ಪಡಿಯೇ ಕತ್ತಿ ಕಾಟ್ಟುಂಗ.”

ಇಂಗ್ಲಿಷ್ ಬೇಡ, ಅದು ಹೇಗೆ ಕೂಗುತ್ತಿದೆಯೋ ಹಾಗೆಯೇ ಕೂಗಿ ತೋರಿಸಬೇಕಂತೆ. ಗಾಬರಿಯಿಂದ ತಿರುಗಿದೆ. ಬೂತಿನ ಎದುರಿಗೇ ತಂದೆಯವರು ನಿಂತಿದ್ದರು. ಪಕ್ಕದಲ್ಲಿ, ಕೈ ಹಿಂದಕ್ಕೆ ಕಟ್ಟಿಕೊಂಡು ಭಟ್ಟರು. ಮನಸ್ಸಿನಲ್ಲಿ ಹೇಳಿ ನೋಡಿಕೊಳ್ಳಲು ಈ ಬಾರಿ ವಾಕ್ಯವೇ ಇರಲಿಲ್ಲ. ಕಣ್ಣು ಮುಚ್ಚಿದೆ.

“ಪೀಈಈಈ... ಪೀ, ಪೀ.”

“ಇನ್ನೊರು ವಾಟಿ ಸಾರ್.”

ಇನ್ನೊಮ್ಮೆ ಕೂಗಿದೆ. ಪರದೆಗೆ ಚಿತ್ರ ಕಳಿಸುವ ಕಾರ್ಡು ಸಡಿಲವಾಗಿದೆ, ಪೆಟ್ಟಿಗೆ ಬಿಚ್ಚಿ ಒತ್ತಿಬಿಡಿ ಎಂದು ಅವರು ಕೂಡಲೇ ಹೇಳಿ, ಯಂತ್ರವನ್ನು ಎಲ್ಲಿಗಾದರೂ ಜರುಗಿಸಿದಿರಾ ಎಂದು ಕೇಳಿದರು. ಜರುಗಿಸಿದ್ದೆ. ಭಟ್ಟರು ಕೂರುವ ಕುರ್ಚಿಗೆ ನೇರವಾಗಿ ಕಾಣಲೆಂದು ಬೆಳಿಗ್ಗೆಯಷ್ಟೇ ಮೇಜನ್ನು ಕೋಣೆಯಿಂದ ಹಾಲಿಗೆ ದರದರ ಎಳೆದು ತಂದಿದ್ದೆ.

ಕಾರ್ಡು ಒತ್ತಿದೆ, ಪರದೆ ಬೆಳಗಿತು. ಭಟ್ಟರು ಕಾಫಿ ಕುಡಿದು, “ಚೆಂದ ಇತ್ತ್,” ಎಂದಷ್ಟೇ ಹೇಳಿ ಸಂಜೆಯ ವ್ಯಾಪಾರಕ್ಕೆ ಎದ್ದರು. ತಂದೆಯವರೂ ಅವರ ಹಿಂದೆ ನಡೆದರು. ತಂದೆಯವರು ಅಷ್ಟು ವರ್ಷ ಕಾದು ಪಡೆದ ಉತ್ತರವನ್ನು ನಾನು ನಡುಬೀದಿಯಲ್ಲಿ ಪೀಪಿ ಊದಿ ಕೆಡಿಸಿದೆನೆಂದು ವಾರವಿಡೀ ಕೊರಗಿದೆ.

ಮುಂದಿನ ಭಾನುವಾರ ಹೋಟೆಲಿಗೆ ಹೋದಾಗ, ತಂದೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಪರಿಚಯದ ಗಿರಾಕಿಯೊಬ್ಬರಿಗೆ ನನ್ನ ವಿಷಯ ಹೇಳುತ್ತಿದ್ದರು: “ನಮ್ ಮಾಣಿಗೆ ನಾಲ್ಕ್ ಭಾಷಿ ಬತ್ತ್. ಕನ್ನಡ, ತಮಿಳ್, ಇಂಗ್ಲಿಷ್, ಮತ್ತೆ ಕಂಪ್ಯೂಟರಿಂದ್. ಬೇಕಾರೆ ಭಟ್ರನ್ನ್ ಕೇಣಿ.”

ಭಟ್ಟರು ಗಲ್ಲೆಯಿಂದ ತಲೆಯೆತ್ತದೆಯೇ ಸಾಕ್ಷಿ ನುಡಿದರು: “ಹೌದ್ ಮಾರಾಯಾ, ನಾನೇ ಕಿವಿಯಾರೆ ಕೇಂಡಿದೆ.”

ಅದು ಭಾಷೆಯಲ್ಲ ಎಂದು ವಿನಯಪೂರ್ವಕವಾಗಿ ತಿದ್ದಲು ವಾಕ್ಯವೊಂದನ್ನು ಕಟ್ಟತೊಡಗಿದೆ; ಆದರೆ ತಂದೆಯವರ ಮುಖ ನೋಡಿ ಅರ್ಧಕ್ಕೇ ಬಿಟ್ಟೆ. ಯೋಚಿಸಿದರೆ, ಆ ನಾಲ್ಕರಲ್ಲಿ ನಾನು ಮುಂಚಿತವಾಗಿ ತಾಲೀಮು ಮಾಡದೆ ಆಡಿದ್ದು ಅದೊಂದನ್ನೇ. ಆದರೂ ಒಂದು ಕೊರಗು ಉಳಿದಿದೆ: ಅದರಲ್ಲಿಯೂ ಆ ಮೆಕ್ಯಾನಿಕ್ ನನ್ನಿಂದ ಇನ್ನೊಮ್ಮೆ ಹೇಳಿಸಿದರಲ್ಲವೇ? ಮನೆಯಲ್ಲಿ ಯಾರೂ ಇಲ್ಲದಾಗ ಆಗಾಗ ಹೇಳಿ ನೋಡಿಕೊಳ್ಳುತ್ತೇನೆ. ನನ್ನ ಎರಡನೆಯ ಗಿಡ್ಡ ‘ಪೀ’ ಸ್ವಲ್ಪ ಉದ್ದವಾಗುತ್ತದೆ ಎಂಬ ಅನುಮಾನ ಇನ್ನೂ ಹೋಗಿಲ್ಲ.